ತ್ರಿಕೋನ ಮ್ಯಾಟ್ರಿಕ್ಸ್‌ಗಳ ಮೇಲಿನ ಡೆರಿವೇಶನ್‌ಗಳನ್ನು ಕೈಯಾರೆ ಲೆಕ್ಕ ಹಾಕುವುದು ಹೇಗೆ

ಕ್ಯಾಲ್ಕುಲಸ್‌ನಲ್ಲಿ ಎರಡು ಫಂಕ್ಷನ್‌ಗಳ ಗುಣಲಬ್ಧ ಬಂದಾಗ ಏನು ಮಾಡುತ್ತೇವೆ ನೆನಪಿದೆಯಲ್ಲ? ಮೊದಲನೆಯದನ್ನು ಡಿಫರೆನ್ಶಿಯೇಟ್ ಮಾಡಿ ಎರಡನೆಯದನ್ನು ಹಾಗೇ ಬಿಡುತ್ತೇವೆ, ಆಮೇಲೆ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾಡುತ್ತೇವೆ, ಎರಡನ್ನೂ ಕೂಡುತ್ತೇವೆ. ಇದೇ ನಿಯಮವನ್ನು ಪಾಲಿಸುವ ಯಾವುದೇ ರೇಖೀಯ ಮ್ಯಾಪ್‌ಗೆ ಡೆರಿವೇಶನ್ ಅನ್ನುತ್ತಾರೆ. ಮ್ಯಾಪ್‌ಗೆ ದ ಅಂತ ಹೆಸರಿಟ್ಟರೆ:

ದ(ಅ·ಬ) = ದ(ಅ)·ಬ + ಅ·ದ(ಬ)

ಇಲ್ಲಿ ಅ, ಬ ಎರಡೂ ಮ್ಯಾಟ್ರಿಕ್ಸ್‌ಗಳು. ಹಾಗಾಗಿ ಎಡ ಬಲ ಅದಲು ಬದಲು ಮಾಡುವಂತಿಲ್ಲ. ತಪ್ಪುಗಳಲ್ಲಿ ಮುಕ್ಕಾಲು ಭಾಗ ಇಲ್ಲೇ ಹುಟ್ಟುತ್ತವೆ.

ಒಂದು ಬಗೆಯ ಡೆರಿವೇಶನ್ ಪುಕ್ಕಟೆ ಸಿಗುತ್ತದೆ. ಯಾವುದೋ ಒಂದು ಮ್ಯಾಟ್ರಿಕ್ಸ್ ಮ ಹಿಡಿದುಕೊಳ್ಳಿ, ಪ್ರತಿ ಅ ಗೆ ಅ·ಮ − ಮ·ಅ ಕೊಡಿ. ಬಿಡಿಸಿ ನೋಡಿದರೆ ನಿಯಮ ತಾನಾಗೇ ಕೂಡಿಬರುತ್ತದೆ. ಇಂಥವಕ್ಕೆ ಇನ್ನರ್ ಡೆರಿವೇಶನ್ ಅನ್ನುತ್ತಾರೆ. ಪ್ರಶ್ನೆ ಏನೆಂದರೆ, ಮೇಲ್ತ್ರಿಕೋನ ಮ್ಯಾಟ್ರಿಕ್ಸ್‌ಗಳ (ಅಂದರೆ ಕರ್ಣದ ಕೆಳಗೆಲ್ಲ ಸೊನ್ನೆ ಇರುವವುಗಳ) ಆಲ್ಜೀಬ್ರಾದ, ಅಂದರೆ ಕೂಡಿದರೂ ಗುಣಿಸಿದರೂ ಹೊರಗೆ ಹೋಗದ ಗುಂಪಿನ, ಮೇಲೆ ಇನ್ನರ್ ಅಲ್ಲದ ಡೆರಿವೇಶನ್ ಇದೆಯಾ? ಇಲ್ಲ. ಆದರೆ ಈ ಉತ್ತರಕ್ಕಿಂತ ಅದು ಹೇಗೆ ಬರುತ್ತದೆ ಅನ್ನುವುದೇ ಉಪಯೋಗದ ವಿಷಯ, ಯಾಕೆಂದರೆ ಜೋರ್ಡನ್, ಲೀ, ಲೋಕಲ್ ಅಂತ ಮುಂದೆ ಬರುವ ಡೆರಿವೇಶನ್‌ನ ದಾಯಾದಿಗಳನ್ನೆಲ್ಲ ಅದೇ ದಾರಿಯಲ್ಲಿ ಹಿಡಿಯಬಹುದು. ಹೆಚ್ಚಿನ ಲೇಖನಗಳು ನೇರವಾಗಿ ಸಾಮಾನ್ಯ "ತ್ರಿಕೋನ ಆಲ್ಜೀಬ್ರಾ"ದಿಂದ (ಸಂಖ್ಯೆಗಳ ಬದಲು ಬೇರೆ ಆಲ್ಜೀಬ್ರಾಗಳನ್ನೇ ತುಂಡುಗಳಾಗಿ ಇಟ್ಟ ಮೇಲ್ತ್ರಿಕೋನ ರಚನೆಯಿಂದ) ಶುರು ಮಾಡುತ್ತವೆ. ಅದು ಬೇಡ. 2×2 ಇಂದ ಶುರು ಮಾಡಿ, ಪೆನ್ನು ಹಿಡಿದೇ ಮಾಡಿ.

ಲೆಕ್ಕವೆಲ್ಲ ನೈಜ ಸಂಖ್ಯೆಗಳ ಮೇಲೆ ಅಂತ ಇಟ್ಟುಕೊಳ್ಳೋಣ.

ಮೊದಲು ಬೇಕಾದ ಸಾಮಾನು

1ನೇ ಸಾಲು 2ನೇ ಕಂಬದಲ್ಲಿ ಮಾತ್ರ 1 ಇದ್ದು ಉಳಿದೆಲ್ಲ ಸೊನ್ನೆ ಇರುವ ಮ್ಯಾಟ್ರಿಕ್ಸ್‌ಗೆ ಇ₁₂ ಅಂತ ಬರೆಯೋಣ. ಹಾಗೇ ಇ₁₁, ಇ₂₂, ಇ₁₃ ಇತ್ಯಾದಿ. ಗುಣಾಕಾರದ ನಿಯಮ ಒಂದೇ ಸಾಲಿನದು: ನಡುವಿನ ಎರಡು ಅಂಕಿ ಒಂದೇ ಆಗಿದ್ದರೆ ಅವು ಕಳಚಿ ಹೋಗುತ್ತವೆ, ಬೇರೆ ಆಗಿದ್ದರೆ ಉತ್ತರ ಸೊನ್ನೆ. ಇ₁₂·ಇ₂₃ = ಇ₁₃, ಆದರೆ ಇ₁₂·ಇ₁₃ = 0.

ಇನ್ನೆರಡು ವಿಷಯ ತಲೆಯಲ್ಲಿರಲಿ. ಇ₁₁ ಅನ್ನು ಎಡಗಡೆಯಿಂದ ಗುಣಿಸಿದರೆ ಮೊದಲ ಸಾಲು ಉಳಿದು ಬಾಕಿ ಎಲ್ಲ ಅಳಿಸಿಹೋಗುತ್ತದೆ, ಬಲಗಡೆಯಿಂದ ಗುಣಿಸಿದರೆ ಮೊದಲ ಕಂಬ ಉಳಿಯುತ್ತದೆ. ಮತ್ತೆ ನಮ್ಮ ಆಲ್ಜೀಬ್ರಾದಲ್ಲಿ ಇ₂₁ ಇಲ್ಲವೇ ಇಲ್ಲ. ಅದು ಕರ್ಣದ ಕೆಳಗಿನದು. ಮುಂದೆ ಎಷ್ಟೋ ಕಡೆ ಪದಗಳು ಸುಮ್ನೆ ಮಾಯವಾಗುವುದಕ್ಕೆ ಇದೇ ಕಾರಣ.

ಹೆಜ್ಜೆ 1: ಐಡೆಂಟಿಟಿಯನ್ನು ಮುಗಿಸಿಬಿಡಿ

ಐಡೆಂಟಿಟಿ ಮ್ಯಾಟ್ರಿಕ್ಸ್ ಅನ್ನು 1 ಅಂತಲೇ ಬರೆಯುತ್ತೇನೆ. 1·1 = 1, ಆದ್ದರಿಂದ ದ(1) = ದ(1) + ದ(1), ಅಂದರೆ ದ(1) = 0. ಒಂದು ಮ್ಯಾಪ್ ಡೆರಿವೇಶನ್ ಹೌದಾ ಅಲ್ವಾ ಅಂತ ಅನುಮಾನ ಬಂದರೆ ಮೊದಲು ಇದನ್ನೇ ಪರೀಕ್ಷಿಸಿ, ಐದು ಸೆಕೆಂಡಿನ ಕೆಲಸ.

ಹೆಜ್ಜೆ 2: 2×2 ಅನ್ನು ಪೂರ್ತಿ ಮಾಡಿ

ಇಲ್ಲಿ ಮೂರೇ ಮೂರು ತುಂಡು: ಇ₁₁, ಇ₁₂, ಇ₂₂. ಇ₁₁ ತನ್ನನ್ನೇ ಗುಣಿಸಿಕೊಂಡರೆ ತಾನೇ ಬರುತ್ತದೆ (ಇಂಥವಕ್ಕೆ ಐಡೆಂಪೊಟೆಂಟ್ ಅನ್ನುತ್ತಾರೆ). ಆದ್ದರಿಂದ

ದ(ಇ₁₁) = ದ(ಇ₁₁)·ಇ₁₁ + ಇ₁₁·ದ(ಇ₁₁)

ಇದನ್ನು ಎಡಗಡೆಯಿಂದಲೂ ಬಲಗಡೆಯಿಂದಲೂ ಇ₁₁ ಇಂದ ಗುಣಿಸಿ. ಎಡಪಕ್ಕದಲ್ಲಿ ದ(ಇ₁₁) ನ ಮೇಲಿನ ಎಡ ಮೂಲೆ ಉಳಿಯುತ್ತದೆ, ಬಲಪಕ್ಕದಲ್ಲಿ ಅದರ ಎರಡರಷ್ಟು. ಹಾಗಾದರೆ ಆ ಮೂಲೆ ಸೊನ್ನೆ. ಈಗ ಹಾಗೇ ಎರಡೂ ಕಡೆಯಿಂದ ಇ₂₂ ಇಂದ ಗುಣಿಸಿ. ಬಲಪಕ್ಕ ಪೂರ್ತಿ ಸೊನ್ನೆ, ಹಾಗಾಗಿ ಕೆಳಗಿನ ಬಲ ಮೂಲೆಯೂ ಸೊನ್ನೆ. ಉಳಿದಿದ್ದು ಇ₁₂ ಜಾಗ ಮಾತ್ರ:

ದ(ಇ₁₁) = ಸ·ಇ₁₂, ಇಲ್ಲಿ ಸ ಒಂದು ಸಂಖ್ಯೆ.

ಇ₁₁ + ಇ₂₂ = 1, ದ(1) = 0. ಆದ್ದರಿಂದ ದ(ಇ₂₂) = −ಸ·ಇ₁₂.

ಇನ್ನು ಇ₁₂. ಅದು ಇ₁₁·ಇ₁₂ ಕೂಡ ಹೌದು, ಇ₁₂·ಇ₂₂ ಕೂಡ ಹೌದು. ಎರಡರಲ್ಲೂ ನಿಯಮ ಹಾಕಿ. ಮೊದಲನೆಯದರಲ್ಲಿ ದ(ಇ₁₁)·ಇ₁₂ = ಸ·ಇ₁₂·ಇ₁₂ = 0, ಹಾಗಾಗಿ ದ(ಇ₁₂) = ಇ₁₁·ದ(ಇ₁₂), ಅಂದರೆ ಎರಡನೇ ಸಾಲು ಹೋಯಿತು. ಎರಡನೆಯದರಲ್ಲಿ ಅದೇ ರೀತಿ ಮೊದಲ ಕಂಬ ಹೋಗುತ್ತದೆ. ಮತ್ತೆ ಉಳಿದಿದ್ದು ಇ₁₂ ಜಾಗವೇ: ದ(ಇ₁₂) = ತ·ಇ₁₂.

ಅಷ್ಟೇ. ಕರ್ಣದಲ್ಲಿ ಕ, ಗ ಇದ್ದು ಮೇಲೆ ಖ ಇರುವ ಮ್ಯಾಟ್ರಿಕ್ಸ್‌ಗೆ ಡೆರಿವೇಶನ್ ಕೊಡುವ ಉತ್ತರ

(ಸ·(ಕ − ಗ) + ತ·ಖ)·ಇ₁₂

ಎರಡೇ ಎರಡು ಗುಂಡಿ, ಸ ಮತ್ತು ತ. ಇನ್ನೇನೂ ತಿರುಗಿಸುವುದಕ್ಕೆ ಆಗುವುದಿಲ್ಲ. ಈ ಒಂದು ಸಾಲಿನ ಸೂತ್ರವನ್ನು ಬರೆದಿಟ್ಟುಕೊಳ್ಳಿ, ಕೆಳಗೆ ಮತ್ತೆ ಮತ್ತೆ ಬೇಕಾಗುತ್ತದೆ.

ಹೆಜ್ಜೆ 3: ಮ ಅನ್ನು ಹುಡುಕಿ

ಮ = ಸ·ಇ₁₂ + ತ·ಇ₂₂ ತೆಗೆದುಕೊಳ್ಳಿ. ಇ₁₁·ಮ − ಮ·ಇ₁₁ = ಸ·ಇ₁₂. ಇ₁₂·ಮ − ಮ·ಇ₁₂ = ತ·ಇ₁₂. ಕೂಡಿಬಂತು. 2×2 ನಲ್ಲಿ ಎಲ್ಲ ಡೆರಿವೇಶನ್‌ಗಳೂ ಇನ್ನರ್.

ಮ ಒಂದೇ ಅಲ್ಲ ಅನ್ನುವುದನ್ನು ಗಮನಿಸಿ. ಅದಕ್ಕೆ ಐಡೆಂಟಿಟಿಯ ಯಾವುದೇ ಗುಣಕವನ್ನು ಕೂಡಿದರೂ ಅದೇ ಡೆರಿವೇಶನ್ ಬರುತ್ತದೆ, ಯಾಕೆಂದರೆ ಐಡೆಂಟಿಟಿ ಎಲ್ಲದರ ಜೊತೆಗೂ ಸ್ಥಾನ ಬದಲಿಸುತ್ತದೆ. ಆಲ್ಜೀಬ್ರಾದ ಡೈಮೆನ್ಶನ್ 3, ಅದರಲ್ಲಿ ಹೀಗೆ ವ್ಯರ್ಥವಾಗುವುದು 1, ಉಳಿದಿದ್ದು 2. ಗುಂಡಿಗಳ ಲೆಕ್ಕ ಸರಿಹೋಯಿತು.

ಹೆಜ್ಜೆ 4: ದೊಡ್ಡ ಗಾತ್ರಕ್ಕೆ ಹೋಗಿ

ಗಾತ್ರ ಎಷ್ಟೇ ಇರಲಿ, ಎರಡು ಸುತ್ತಿನಲ್ಲಿ ಮುಗಿಯುತ್ತದೆ. ಮೊದಲ ಸುತ್ತಿನಲ್ಲಿ ಮ ನ ಕರ್ಣದ ಮೇಲಿನ ಭಾಗ ಸಿಗುತ್ತದೆ, ಎರಡನೆಯದರಲ್ಲಿ ಕರ್ಣ. ಒಂದು 3×3 ಉದಾಹರಣೆ ಹಿಡಿದೇ ಮಾಡೋಣ. ಯಾರೋ ನಿಮಗೆ ಈ ಡೆರಿವೇಶನ್ ಕೊಟ್ಟಿದ್ದಾರೆ ಅಂದುಕೊಳ್ಳಿ:

ದ(ಇ₁₁) = 2·ಇ₁₂ + 5·ಇ₁₃
ದ(ಇ₂₂) = −2·ಇ₁₂ − ಇ₂₃
ದ(ಇ₃₃) = −5·ಇ₁₃ + ಇ₂₃
ದ(ಇ₁₂) = 3·ಇ₁₂ − ಇ₁₃
ದ(ಇ₂₃) = ಇ₂₃ − 2·ಇ₁₃
ದ(ಇ₁₃) = 4·ಇ₁₃

ಮೊದಲು ಕಣ್ಣಳತೆಯ ಪರೀಕ್ಷೆ. ಮೊದಲ ಮೂರನ್ನು ಕೂಡಿದರೆ ಸೊನ್ನೆ ಬರಬೇಕು, ಬರುತ್ತದೆ. ಇ₁₂·ಇ₂₃ = ಇ₁₃ ಆದ್ದರಿಂದ ದ(ಇ₁₂)·ಇ₂₃ + ಇ₁₂·ದ(ಇ₂₃) ಮಾಡಿ: 3·ಇ₁₃ + 1·ಇ₁₃ = 4·ಇ₁₃. ಅದೂ ಸರಿ.

ಮೊದಲ ಸುತ್ತು. ದ(ಇ₁₁) ನಿಂದ ಮೊದಲ ಸಾಲು, ದ(ಇ₂₂) ನಿಂದ ಎರಡನೇ ಸಾಲು, ದ(ಇ₃₃) ನಿಂದ ಮೂರನೇ ಸಾಲು ಮಾತ್ರ ಕಿತ್ತುಕೊಂಡು ಒಂದರ ಕೆಳಗೊಂದು ಜೋಡಿಸಿ. ಸಿಗುವುದು 2·ಇ₁₂ + 5·ಇ₁₃ − ಇ₂₃. ಇದಕ್ಕೆ ನ ಅಂತ ಹೆಸರಿಡೋಣ. ನ ಹುಟ್ಟಿಸುವ ಇನ್ನರ್ ಡೆರಿವೇಶನ್ ಕರ್ಣದ ಮೂರೂ ತುಂಡುಗಳ ಮೇಲೆ ದ ಕೊಡುವ ಉತ್ತರವನ್ನೇ ಕೊಡುತ್ತದೆ. ಇದು ಕಾಕತಾಳೀಯ ಅಲ್ಲ: ಇ₁₁·ಇ₂₂ = 0 ಗೆ ನಿಯಮ ಹಾಕಿದರೆ ದ(ಇ₁₁)·ಇ₂₂ = −ಇ₁₁·ದ(ಇ₂₂) ಅಂತ ಬರುತ್ತದೆ, ಅಂದರೆ ಒಂದರ ಸಾಲು ಇನ್ನೊಂದರ ಕಂಬಕ್ಕೆ ಮೈನಸ್ ಚಿಹ್ನೆಯೊಂದಿಗೆ ಕಟ್ಟಿಹಾಕಿಕೊಂಡಿದೆ, ಹಾಗಾಗಿ ಸಾಲುಗಳನ್ನು ಜೋಡಿಸಿದರೆ ಕಂಬಗಳು ತಾವೇ ಸರಿಹೋಗುತ್ತವೆ.

ಎರಡನೇ ಸುತ್ತು. ದ ದಿಂದ ಈ ಇನ್ನರ್ ಡೆರಿವೇಶನ್ ಅನ್ನು ಕಳೆಯಿರಿ. ಉಳಿದ ಡೆರಿವೇಶನ್ ಈಗ ಇ₁₁, ಇ₂₂, ಇ₃₃ ಮೂರನ್ನೂ ಸೊನ್ನೆ ಮಾಡುತ್ತದೆ. ಇ₁₂ = ಇ₁₁·ಇ₁₂·ಇ₂₂ ಆದ್ದರಿಂದ ಅದರ ಉತ್ತರವೂ ಇ₁₂ ಜಾಗದಲ್ಲೇ ಇರಬೇಕು, ಬೇರೆ ಕಡೆ ಸೋರುವಂತಿಲ್ಲ. ಲೆಕ್ಕ ಮಾಡಿ ನೋಡಿ: ಇ₁₂·ನ − ನ·ಇ₁₂ = −ಇ₁₃, ಅದನ್ನು 3·ಇ₁₂ − ಇ₁₃ ನಿಂದ ಕಳೆದರೆ 3·ಇ₁₂. ಹಾಗೇ ಇ₂₃ ಗೆ 1·ಇ₂₃, ಇ₁₃ ಗೆ 4·ಇ₁₃. ಗುಣಕಗಳು 3, 1, 4. ಮತ್ತೆ 3 + 1 = 4, ಇದು ಇರಲೇಬೇಕಾದ ಸಂಬಂಧ. ಈಗ ಕರ್ಣದಲ್ಲಿ 0, 3, 4 ಹಾಕಿ: ಮೊದಲನೆಯದು ಸೊನ್ನೆ, ಆಮೇಲೆ ಮೊದಲ ಸಾಲಿನ ಗುಣಕಗಳು.

ಮ = 2·ಇ₁₂ + 5·ಇ₁₃ − ಇ₂₃ + 3·ಇ₂₂ + 4·ಇ₃₃

ಮುಗಿಯಿತು. ಯಾವ ಗಾತ್ರಕ್ಕೂ ಇದೇ ವಿಧಾನ. ಹೊಸದಾಗಿ ಏನೂ ಕಲಿಯುವುದಿಲ್ಲ, ಬರೆಯುವುದು ಮಾತ್ರ ಜಾಸ್ತಿ.

ಹೆಜ್ಜೆ 5: ದಾಯಾದಿಗಳು

ಈಗ ನಿಯಮವನ್ನು ಸ್ವಲ್ಪ ಸಡಿಲ ಮಾಡೋಣ. ಏನೇನು ಹೊಸದಾಗಿ ಒಳಗೆ ಬರುತ್ತವೆ ಅನ್ನುವುದೇ ಈ ವಿಷಯದ ಸ್ವಾರಸ್ಯ.

ಜೋರ್ಡನ್ ಡೆರಿವೇಶನ್. ಎಲ್ಲ ಗುಣಲಬ್ಧಗಳ ಬದಲು ವರ್ಗಗಳಿಗೆ ಮಾತ್ರ ನಿಯಮ ಕೇಳುತ್ತೇವೆ: ದ(ಅ·ಅ) = ದ(ಅ)·ಅ + ಅ·ದ(ಅ). ಅ ಜಾಗದಲ್ಲಿ ಅ + ಬ ಹಾಕಿ ಬಿಡಿಸಿದರೆ ಅ·ಬ + ಬ·ಅ ಗೆ ನಿಯಮ ಸಿಗುತ್ತದೆ, ಆದರೆ ಅ·ಬ ಒಂದಕ್ಕೇ ಸಿಗುವುದಿಲ್ಲ. ಹರ್ಸ್ಟೀನ್ 1957ರಲ್ಲಿ ಪ್ರೈಮ್ ರಿಂಗ್‌ಗಳಲ್ಲಿ (ಅಂದರೆ ಸೊನ್ನೆಯಲ್ಲದ ಯಾವ ಎರಡು ಅಂಶ ಹಿಡಿದರೂ, ನಡುವೆ ಏನಾದರೊಂದು ಇಟ್ಟು ಗುಣಿಸಿ ಸೊನ್ನೆಯಲ್ಲದ ಉತ್ತರ ಪಡೆಯಬಹುದಾದ ವ್ಯವಸ್ಥೆಗಳಲ್ಲಿ; 2 ಸೊನ್ನೆ ಆಗದಿದ್ದರೆ) ಇಂಥ ಪ್ರತಿ ಮ್ಯಾಪ್ ನಿಜವಾದ ಡೆರಿವೇಶನ್ನೇ ಅಂತ ತೋರಿಸಿದರು. ಆ ಫಲಿತಾಂಶವನ್ನು ಇಲ್ಲಿ ತಂದು ಅಂಟಿಸಬೇಡಿ. ನಮ್ಮ ಆಲ್ಜೀಬ್ರಾ ಪ್ರೈಮ್‌ನ ಹತ್ತಿರಕ್ಕೂ ಬರುವುದಿಲ್ಲ: ಇ₁₂ ಗಳ ನಡುವೆ ಯಾವ ಮೇಲ್ತ್ರಿಕೋನ ಮ್ಯಾಟ್ರಿಕ್ಸ್ ಇಟ್ಟು ಗುಣಿಸಿದರೂ ಸೊನ್ನೆಯೇ, ಯಾಕೆಂದರೆ ಅಲ್ಲಿ ಉಳಿಯಬೇಕಾದದ್ದು ಇ₂₁ ಜಾಗದ ಸಂಖ್ಯೆ, ಅದು ಇಲ್ಲ.

ಆದರೂ ಉತ್ತರ ಅದೇ ಬರುತ್ತದೆ. 2×2 ನಲ್ಲಿ ನೋಡಿ. ದ(ಇ₁₁) = ಸ·ಇ₁₂ ಅಂತ ಕಂಡುಕೊಂಡಿದ್ದು ಇ₁₁ ನ ವರ್ಗದಿಂದಲೇ, ಹಾಗಾಗಿ ಅದು ಇಲ್ಲೂ ನಡೆಯುತ್ತದೆ. ಅದೇ ರೀತಿ ದ(ಇ₂₂) ಕೂಡ ಇ₁₂ ನ ಗುಣಕ, ಮತ್ತು ಇ₁₁·ಇ₂₂ + ಇ₂₂·ಇ₁₁ = 0 ಗೆ ನಿಯಮ ಹಾಕಿದರೆ ಅದು −ಸ·ಇ₁₂ ಅಂತ ಸಿಗುತ್ತದೆ. ದ(ಇ₁₂) = ಪ·ಇ₁₁ + ತ·ಇ₁₂ + ರ·ಇ₂₂ ಅಂದುಕೊಳ್ಳಿ. ಇ₁₂ ನ ವರ್ಗ ಸೊನ್ನೆ, ಅದರಿಂದ ಪ + ರ = 0. ಆಮೇಲೆ ಇ₁₁·ಇ₁₂ + ಇ₁₂·ಇ₁₁ = ಇ₁₂ ಗೆ ನಿಯಮ ಹಾಕಿದರೆ ಬಲಪಕ್ಕ 2ಪ·ಇ₁₁ + ತ·ಇ₁₂ ಆಗುತ್ತದೆ. ಎಡಪಕ್ಕದ ಜೊತೆ ಹೋಲಿಸಿ: ಪ = 2ಪ, ಅಂದರೆ ಪ = 0, ಹಾಗಾಗಿ ರ ಕೂಡ 0. ಉಳಿದಿದ್ದು ಸ, ತ ಎರಡೇ. ಅಂದರೆ ಹಳೇ ಸೂತ್ರವೇ. ಸಾಮಾನ್ಯ ತ್ರಿಕೋನ ಆಲ್ಜೀಬ್ರಾಗಳಿಗೆ, 2 ರ ಬಗ್ಗೆ ಅದೇ ಷರತ್ತಿನೊಂದಿಗೆ, ಇದನ್ನು ಜಾಂಗ್ ಮತ್ತು ಯೂ 2006ರಲ್ಲಿ ಸಾಧಿಸಿದರು.

ಲೀ ಡೆರಿವೇಶನ್. ಈಗ ನಿಯಮವನ್ನು ಕಮ್ಯುಟೇಟರ್‌ಗೆ, ಅಂದರೆ [ಅ, ಬ] = ಅ·ಬ − ಬ·ಅ ಗೆ ಮಾತ್ರ ಕೇಳುತ್ತೇವೆ:

ದ([ಅ, ಬ]) = [ದ(ಅ), ಬ] + [ಅ, ದ(ಬ)]

ಇಲ್ಲಿ ಹೊಸ ಮುಖ ಕಾಣಿಸುತ್ತದೆ. 2×2 ಮ್ಯಾಟ್ರಿಕ್ಸ್‌ನ ಮೇಲಿನ ಎಡ ಮೂಲೆಯ ಸಂಖ್ಯೆ ಕ ತೆಗೆದುಕೊಂಡು, ಕ·1 ಅಂತ ಉತ್ತರ ಕೊಡುವ ಮ್ಯಾಪ್ ನೋಡಿ. ಎರಡು ಮೇಲ್ತ್ರಿಕೋನ ಮ್ಯಾಟ್ರಿಕ್ಸ್‌ಗಳ ಕಮ್ಯುಟೇಟರ್‌ನಲ್ಲಿ ಕರ್ಣ ಯಾವಾಗಲೂ ಸೊನ್ನೆ, ಆದ್ದರಿಂದ ಎಡಪಕ್ಕ ಸೊನ್ನೆ. ಐಡೆಂಟಿಟಿಯ ಗುಣಕ ಯಾರ ಜೊತೆ ಇದ್ದರೂ ಕಮ್ಯುಟೇಟರ್ ಸೊನ್ನೆ, ಆದ್ದರಿಂದ ಬಲಪಕ್ಕವೂ ಸೊನ್ನೆ. ಹಾಗಾಗಿ ಇದು ಲೀ ಡೆರಿವೇಶನ್. ಆದರೆ ಇದು ಡೆರಿವೇಶನ್ ಅಲ್ಲ, ಐಡೆಂಟಿಟಿಯನ್ನೇ ಸೊನ್ನೆ ಮಾಡುವುದಿಲ್ಲ. ಹೆಜ್ಜೆ 1ರ ಪರೀಕ್ಷೆಯಲ್ಲೇ ಬಿದ್ದುಹೋಯಿತು.

ಒಳ್ಳೆಯ ಸುದ್ದಿ ಏನೆಂದರೆ ಹೊಸಬರು ಇಂಥವರು ಮಾತ್ರ. ಪ್ರತಿ ಲೀ ಡೆರಿವೇಶನ್ = ಒಂದು ಇನ್ನರ್ ಡೆರಿವೇಶನ್ + ಕರ್ಣದ ಸಂಖ್ಯೆಗಳನ್ನು ಯಾವುದೋ ರೇಖೀಯ ಲೆಕ್ಕದಲ್ಲಿ ಕೂಡಿಸಿ ಐಡೆಂಟಿಟಿಗೆ ಗುಣಿಸುವ ಮ್ಯಾಪ್. ತ್ರಿಕೋನ ಆಲ್ಜೀಬ್ರಾಗಳಲ್ಲಿ ಇದು ಯಾವಾಗ ನಿಜ ಅಂತ ಚೆಯುಂಗ್ 2003ರಲ್ಲಿ ಷರತ್ತುಗಳನ್ನು ಕೊಟ್ಟರು. ಪೂರ್ತಿ ಚೌಕ ಮ್ಯಾಟ್ರಿಕ್ಸ್‌ಗಳ ಆಲ್ಜೀಬ್ರಾದ ಜೊತೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ: ಅಲ್ಲಿ ಹೀಗೆ ಸೇರಿಸಬಹುದಾದದ್ದು ಕರ್ಣದ ಒಟ್ಟು ಮೊತ್ತ, ಅಂದರೆ ಟ್ರೇಸ್, ಅದೊಂದೇ. ಇಲ್ಲಿ ಕರ್ಣದ ಪ್ರತಿ ಸಂಖ್ಯೆಗೂ ಒಂದೊಂದು ಸ್ವತಂತ್ರ ಗುಂಡಿ. ಕರ್ಣದ ಕೆಳಗೆ ಏನೂ ಇಲ್ಲದಿದ್ದರೆ ಕಮ್ಯುಟೇಟರ್‌ಗಳು ಕರ್ಣವನ್ನು ಮುಟ್ಟುವುದೇ ಇಲ್ಲ, ಅದಕ್ಕೇ ಇಷ್ಟು ಸ್ವಾತಂತ್ರ್ಯ.

ಲೋಕಲ್ ಡೆರಿವೇಶನ್. ಇದನ್ನು 1990ರಲ್ಲಿ ಕ್ಯಾಡಿಸನ್ ಒಂದು ಕಡೆ, ಲಾರ್ಸನ್ ಮತ್ತು ಸೌರೂರ್ ಇನ್ನೊಂದು ಕಡೆ ಶುರು ಮಾಡಿದರು. ರೇಖೀಯ ಮ್ಯಾಪ್ ಒಂದಿದೆ, ಪ್ರತಿ ಅ ಗೂ ಅದು ಯಾವುದೋ ಒಂದು ಡೆರಿವೇಶನ್‌ನ ಉತ್ತರವನ್ನೇ ಕೊಡುತ್ತದೆ, ಆದರೆ ಬೇರೆ ಬೇರೆ ಅ ಗೆ ಬೇರೆ ಬೇರೆ ಡೆರಿವೇಶನ್ ಇರಬಹುದು. ಕೇಳುವುದಕ್ಕೆ ತುಂಬಾ ಸಡಿಲ ಅನಿಸುತ್ತದೆ ಅಲ್ವಾ? 2×2 ನಲ್ಲಿ ಮೂರೇ ಸಾಲಿನಲ್ಲಿ ಬಿಗಿಯಾಗುತ್ತದೆ. ಉತ್ತರ ಯಾವಾಗಲೂ ಇ₁₂ ಜಾಗದಲ್ಲಿರಬೇಕು, ಹಾಗಾಗಿ ಮ್ಯಾಪ್ (ಪ·ಕ + ತ·ಖ + ರ·ಗ)·ಇ₁₂ ರೂಪದಲ್ಲಿದೆ. ಐಡೆಂಟಿಟಿಗೆ ಎಲ್ಲ ಡೆರಿವೇಶನ್‌ಗಳೂ ಸೊನ್ನೆ ಕೊಡುತ್ತವೆ, ಆದ್ದರಿಂದ ಪ + ರ = 0. ಉಳಿದಿದ್ದು ಪ·(ಕ − ಗ) + ತ·ಖ, ಅಂದರೆ ಬರೆದಿಟ್ಟುಕೊಂಡ ಸೂತ್ರವೇ.

ಜನರಲೈಸ್ಡ್ ಡೆರಿವೇಶನ್‌ಗೆ ಒಂದೇ ಸಾಲು ಸಾಕು. ಹ(ಅ·ಬ) = ಹ(ಅ)·ಬ + ಅ·ದ(ಬ), ಇಲ್ಲಿ ದ ಮಾಮೂಲಿ ಡೆರಿವೇಶನ್. ಅ ಜಾಗದಲ್ಲಿ 1 ಹಾಕಿ: ಹ(ಬ) = ಹ(1)·ಬ + ದ(ಬ). ದ ಏನು ಅಂತ ನಮಗೆ ಗೊತ್ತು, ಆದ್ದರಿಂದ ಹ ಕೂಡ ಗೊತ್ತು.

ಹೆಜ್ಜೆ 6: ಕಂಪ್ಯೂಟರ್‌ನಲ್ಲಿ ತಾಳೆ ನೋಡಿ

ಹೊಸ ಬಗೆಯ ನಿಯಮ ಕಂಡಾಗ ಪ್ರಮೇಯ ಹುಡುಕುವ ಮುಂಚೆ ಇದನ್ನು ಮಾಡಿ. 3×3 ನಲ್ಲಿ ಆರು ತುಂಡುಗಳಿವೆ, ಹಾಗಾಗಿ ಒಂದು ರೇಖೀಯ ಮ್ಯಾಪ್ ಅಂದರೆ 36 ಅಜ್ಞಾತ ಸಂಖ್ಯೆಗಳು. ತುಂಡುಗಳ ಪ್ರತಿ ಜೋಡಿಗೂ ನಿಯಮ ಬರೆಯಿರಿ: 36 ಜೋಡಿ, ಪ್ರತಿ ಜೋಡಿಯಿಂದ 6 ಸಮೀಕರಣ, ಒಟ್ಟು 216. ಎಲ್ಲವೂ ರೇಖೀಯ, ಎಲ್ಲದರ ಬಲಪಕ್ಕ ಸೊನ್ನೆ. ನಲ್‌ಸ್ಪೇಸ್‌ನ (ಅಂದರೆ ಈ ಎಲ್ಲ ಸಮೀಕರಣಗಳನ್ನೂ ಪಾಲಿಸುವ ಉತ್ತರಗಳ ಗುಂಪಿನ) ಡೈಮೆನ್ಶನ್ ಕೇಳಿದರೆ ಸಾಕು, ಎಷ್ಟು ಗುಂಡಿ ಇವೆ ಅಂತ ತಿಳಿಯುತ್ತದೆ. ಪೈಥಾನ್‌ನ ಸಿಂಪೈ ಲೈಬ್ರರಿ ಇದಕ್ಕೆ ಚೆನ್ನಾಗಿದೆ, ಯಾಕೆಂದರೆ ಅದು ಭಿನ್ನರಾಶಿಗಳನ್ನು ಹಾಗೇ ಇಟ್ಟುಕೊಂಡು ಲೆಕ್ಕ ಮಾಡುತ್ತದೆ. ದಶಮಾಂಶದಲ್ಲಿ ಮಾಡಿದರೆ ಸೊನ್ನೆಗೂ ಸೊನ್ನೆಗೆ ಹತ್ತಿರದ ಸಂಖ್ಯೆಗೂ ವ್ಯತ್ಯಾಸ ಗೊತ್ತಾಗದೆ ಡೈಮೆನ್ಶನ್ ಕೈಕೊಡಬಹುದು.

ಬರಬೇಕಾದ ಉತ್ತರಗಳು: 2×2 ನಲ್ಲಿ ಡೆರಿವೇಶನ್ 2, ಜೋರ್ಡನ್ 2, ಲೀ 4. 3×3 ನಲ್ಲಿ 5, 5, 8. 4×4 ನಲ್ಲಿ 9, 9, 13. ಬೇರೆ ಏನಾದರೂ ಬಂದರೆ ಮೊದಲು ಗುಣಾಕಾರದ ಕ್ರಮ ಬರೆದ ಸಾಲನ್ನು ನೋಡಿ.

ಒಂದು ಎಚ್ಚರಿಕೆ. ಈ ಲೆಕ್ಕ ರೇಖೀಯ ಮ್ಯಾಪ್‌ಗಳನ್ನು ಮಾತ್ರ ಹಿಡಿಯುತ್ತದೆ. ಎಷ್ಟೋ ಪ್ರಮೇಯಗಳಲ್ಲಿ ಮ್ಯಾಪ್ ಕೂಡುವಿಕೆಯನ್ನು ಮಾತ್ರ ಕಾಪಾಡಿದರೆ ಸಾಕು ಅಂತ ಇರುತ್ತದೆ, ಸಂಖ್ಯೆಗಳನ್ನು ಹೊರಗೆ ತೆಗೆಯುವಂತಿಲ್ಲ. ಆಗ "ಎಲ್ಲವೂ ಇನ್ನರ್" ಅನ್ನುವುದು ನಿಲ್ಲುವುದಿಲ್ಲ. ಮ್ಯಾಟ್ರಿಕ್ಸ್ ಒಳಗೆ ಸಂಖ್ಯೆಗಳ ಬದಲು ಒಂದು ಚರಾಕ್ಷರದ ಪಾಲಿನಾಮಿಯಲ್‌ಗಳಿವೆ ಅಂದುಕೊಳ್ಳಿ, ಪ್ರತಿಯೊಂದನ್ನೂ ಇದ್ದಲ್ಲೇ ಡಿಫರೆನ್ಶಿಯೇಟ್ ಮಾಡಿ. ಗುಣಾಕಾರದ ನಿಯಮ ಸರಿಯಾಗಿ ನಡೆಯುತ್ತದೆ, ಆದರೆ ಇದು ಇನ್ನರ್ ಅಲ್ಲ: ಐಡೆಂಟಿಟಿಗೆ ಆ ಚರಾಕ್ಷರವನ್ನು ಗುಣಿಸಿ ಕೊಟ್ಟರೆ ಇದು ಐಡೆಂಟಿಟಿಯನ್ನೇ ವಾಪಸ್ ಕೊಡುತ್ತದೆ, ಇನ್ನರ್ ಆಗಿದ್ದರೆ ಸೊನ್ನೆ ಕೊಡಬೇಕಿತ್ತು. ಹೆಜ್ಜೆ 4ರ ಎರಡು ಸುತ್ತುಗಳನ್ನೇ ಮತ್ತೆ ಮಾಡಿದರೆ, ಉಳಿಯುವುದು ಇಂಥ "ಇದ್ದಲ್ಲೇ" ಮಾಡುವ ಡೆರಿವೇಶನ್ ಮಾತ್ರ ಅಂತ ಕಾಣುತ್ತದೆ. ಭಾಗಲಬ್ಧ ಸಂಖ್ಯೆಗಳ ಮೇಲೆ ಈ ತಾಪತ್ರಯ ಇಲ್ಲ, ಅಲ್ಲಿ ಕೂಡುವಿಕೆ ಕಾಪಾಡಿದರೆ ಮ್ಯಾಪ್ ತಾನೇ ರೇಖೀಯವಾಗುತ್ತದೆ. ನೈಜ ಸಂಖ್ಯೆಗಳ ಮೇಲೆ ಇದೆ. ಆದ್ದರಿಂದ ಪ್ರಮೇಯ ಓದುವಾಗ ಮೊದಲ ಸಾಲಿನಲ್ಲಿ ರೇಖೀಯ ಅಂತಿದೆಯಾ, ಬರೀ ಕೂಡುವಿಕೆಯನ್ನು ಕಾಪಾಡುತ್ತದೆ ಅಂತಿದೆಯಾ ನೋಡಿಕೊಂಡೇ ಮುಂದೆ ಹೋಗಿ.